ಅನುದಾನ ಬೇಕಾದರೆ ಮಕ್ಕಳ ದಾಖಲೆಯಿಂದ ಶುರು ಮಾಡಿ: ನಮ್ಮ ಶಾಲೆಯ ಅನುಭವ

ಉಡುಪಿ ಹೊರವಲಯದ ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಬರುವ ಶಾಲಾ ಅನುದಾನ ಈಗ ಮೊದಲಿನ ಎರಡರಷ್ಟಾಗಿದೆ. ಬೀಡಿ ಕಟ್ಟುವ ತಾಯಂದಿರ ಮಕ್ಕಳಿಗೆ ಸ್ಕಾಲರ್‌ಶಿಪ್ ಖಾತೆಗೇ ಬೀಳುತ್ತಿದೆ. "ಟೀಚರ್ರೇ, ಸುಮ್ನೆ ಯಾಕೆ ಓಡಾಡ್ತೀರಿ, ಇನ್ನು ನಾಲ್ಕು ವರ್ಷಕ್ಕೆ ಈ ಶಾಲೆಗೆ ಬೀಗವೇ" ಎಂದಿದ್ದವರು ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಎಂದು ಕೇಳುತ್ತಾರೆ. ಎಲ್ಲರಿಗೂ ಒಟ್ಟಿಗೇ ಹೇಳಿಬಿಡುತ್ತೇನೆ.

ಮನವಿ ಬರೆದು ಬರೆದು ನಾವೆಲ್ಲ ಸುಸ್ತಾಗಿದ್ದೇವೆ ಅಲ್ವಾ? ನಾನು ಮನವಿ ಬರೆಯುವುದನ್ನೇ ಬಿಟ್ಟೆ. ಮಕ್ಕಳ ದಾಖಲೆ ಹಿಡಿದು ಕೂತೆ. ದಾಖಲೆ ಸರಿಯಾದರೆ ದುಡ್ಡು ಅದರ ಹಿಂದೆಯೇ ಬರುತ್ತದೆ.

ಶಾಲಾ ಅನುದಾನ ಕೊಡುವ ಸಮಗ್ರ ಶಿಕ್ಷಣ ಯೋಜನೆಯ ಲೆಕ್ಕ ನಿಮಗೆ ಗೊತ್ತೇ ಇದೆ. ಮಕ್ಕಳು 31ರಿಂದ 100 ಇದ್ದರೆ ವರ್ಷಕ್ಕೆ 25,000 ರೂಪಾಯಿ, ನೂರೊಂದಾದರೆ 50,000. ನಮ್ಮಲ್ಲಿದ್ದದ್ದು ಎಂಬತ್ತು ಚಿಲ್ಲರೆ. ಆದರೆ ಶಾಲೆಯಿಂದ ಕೂಗಳತೆಯಲ್ಲೇ ತಗಡಿನ ಶೆಡ್‌ಗಳಿವೆ. ಮಣಿಪಾಲದ ಕಟ್ಟಡ ಕೆಲಸಕ್ಕೆ ಬಾಗಲಕೋಟೆ, ಗದಗ, ಕೊಪ್ಪಳದಿಂದ ಬಂದವರು ಅಲ್ಲಿದ್ದಾರೆ. ಅವರ ಮಕ್ಕಳು ಹಗಲಿಡೀ ತಮ್ಮ ತಂಗಿಯರನ್ನು ಎತ್ತಿಕೊಂಡು ಅಲ್ಲೇ ಓಡಾಡುತ್ತಿದ್ದರು. ಟಿಸಿ ಇಲ್ಲ ಎಂದು ಯಾರೂ ಸೇರಿಸಿಕೊಂಡಿರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಟಿಸಿ ತಡವಾಯಿತೆಂದು ಮಗುವನ್ನು ವಾಪಸ್ ಕಳಿಸುವಂತೆಯೇ ಇಲ್ಲ. ತಂದು ಕೂರಿಸಿದೆ.

ಕಷ್ಟ ಶುರುವಾದದ್ದು ಆಮೇಲೆ. ಮಗು ನಮ್ಮ ಬೆಂಚಿನಲ್ಲಿ, ಸ್ಯಾಟ್ಸ್ ನಂಬರ್ (ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ಮಗುವಿಗಿರುವ ಸಂಖ್ಯೆ) ಮಾತ್ರ ಅದರ ಊರಿನ ಶಾಲೆಯಲ್ಲಿ. ಅಲ್ಲಿಯೂ ಸಂಖ್ಯೆಯ ಚಿಂತೆ, ಬಿಡುವುದಿಲ್ಲ. ಮೊದಲ ವರ್ಷ ಬಂದವರಲ್ಲಿ ಅರ್ಧದಷ್ಟು ಮಕ್ಕಳು ಲೆಕ್ಕಕ್ಕೇ ಸಿಗಲಿಲ್ಲ. ಎರಡನೇ ವರ್ಷ ಯು-ಡೈಸ್, ಅಂದರೆ ಶಾಲೆಗಳ ವಾರ್ಷಿಕ ಅಂಕಿಅಂಶ ಸಂಗ್ರಹ, ಮುಗಿಯುವ ಮೊದಲೇ ಬಹುತೇಕ ಎಲ್ಲರನ್ನೂ ನಮ್ಮಲ್ಲಿಗೆ ತಂದೆ. ಆ ಹೆಡ್‌ಮಾಸ್ಟರ್‌ಗಳನ್ನು ಒಪ್ಪಿಸಿದ ಬಗೆಯನ್ನು ಇಲ್ಲಿ ಬರೆಯುವುದಿಲ್ಲ, ಎದುರು ಸಿಕ್ಕಾಗ ಕೇಳಿ. ಆ ಸಲ ದಾಖಲಾತಿ ನೂರ ಹತ್ತರ ಹತ್ತಿರ ಹೋಯಿತು. ಮರುವರ್ಷ ಅನುದಾನ ಏರಿತು.

ಬೀಡಿ ಸ್ಕಾಲರ್‌ಶಿಪ್‌ನ ಕಥೆ ಇನ್ನೂ ದೊಡ್ಡದು. ಕೇಂದ್ರ ಕಾರ್ಮಿಕ ಇಲಾಖೆಯದು ಅದು. ವರ್ಷಕ್ಕೆ ನಾಲ್ಕನೇ ತರಗತಿವರೆಗೆ 1,000 ರೂಪಾಯಿ, ಐದರಿಂದ ಎಂಟಕ್ಕೆ 1,500. ಸಣ್ಣ ದುಡ್ಡು ಅನ್ನಬೇಡಿ, ಸಾವಿರ ಬೀಡಿ ಕಟ್ಟಿದರೆ ಕೈಗೆಷ್ಟು ಸಿಗುತ್ತದೆ ಎಂದು ಆ ತಾಯಂದಿರನ್ನೇ ಕೇಳಿ ನೋಡಿ. ನಮ್ಮಲ್ಲಿ ಮೂವತ್ತಕ್ಕೂ ಜಾಸ್ತಿ ಮಕ್ಕಳು ಅರ್ಹರಿದ್ದರು, ಅರ್ಜಿ ಹಾಕಿದವರು ಬೆರಳೆಣಿಕೆ. ಒಬ್ಬ ತಾಯಿಯ ಕಾಗದ ನೋಡಿ: ಬೀಡಿ ಕಾರ್ಡಿನಲ್ಲಿ ಲೀಲಾ, ಆಧಾರ್‌ನಲ್ಲಿ ಲೀಲಾವತಿ, ಪಾಸ್‌ಬುಕ್‌ನಲ್ಲಿ ಲೀಲಾ ಪೂಜಾರ್ತಿ. ಮೂರೂ ಒಬ್ಬರೇ ಎಂದು ನಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಮೊದಲು ಆಧಾರ್ ಸರಿ ಮಾಡಿಸಿ, ಉಳಿದವನ್ನು ಅದಕ್ಕೆ ಹೊಂದಿಸಿ. ತಿರುಗಾಮುರುಗಾ ಮಾಡಿದರೆ ಮತ್ತೆ ಅದೇ ಕೆಲಸ.

ಅಷ್ಟಾದ ಮೇಲೂ ಕೆಲವರಿಗೆ ಮಂಜೂರಾಗಿದೆ ಎಂದು ತೋರಿಸಿತು, ದುಡ್ಡು ಕಾಣಲಿಲ್ಲ. ಖಾತೆಗೆ ಆಧಾರ್ ಜೋಡಣೆಯೇ ಆಗಿರಲಿಲ್ಲ. ಆಗ ಪೋಸ್ಟ್‌ಮ್ಯಾನ್ ಅಣ್ಣನನ್ನು ಶಾಲೆಗೇ ಕರೆದೆವು. ಹತ್ತು ವರ್ಷ ದಾಟಿದ ಮಕ್ಕಳಿಗೆ ಅಂಚೆ ಪೇಮೆಂಟ್ಸ್ ಬ್ಯಾಂಕ್ ಖಾತೆ ಅಲ್ಲೇ ಆಯಿತು. ಕೆಲವು ಮಕ್ಕಳ ಬೆರಳಚ್ಚು ಹಿಡಿಯಲೇ ಇಲ್ಲ. ಐದು ವರ್ಷದೊಳಗೆ ಮಾಡಿಸಿದ ಆಧಾರ್‌ನಲ್ಲಿ ಬೆರಳಚ್ಚು ಇರುವುದಿಲ್ಲ, ಆಮೇಲೆ ಯಾರೂ ಅಪ್‌ಡೇಟ್ ಮಾಡಿಸಿರಲಿಲ್ಲ. ತಾಯಂದಿರದು ಬೇರೆ ಪಾಡು. ಎಲೆ ಕತ್ತರಿಸಿ, ನೂಲು ಸುತ್ತಿ ಬೆರಳ ತುದಿಯ ಗೆರೆಯೇ ಸವೆದಿತ್ತು. ಕೈ ತೊಳೆಸಿ, ಒರೆಸಿ, ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಮತ್ತೆ ಇಡಿಸಿದಾಗ ಕೆಲವರದು ಹಿಡಿಯಿತು.

ಜೆರಾಕ್ಸ್, ಆಟೋ ಎಂದು ನನ್ನ ಕೈಯಿಂದ ಆರೇಳು ಸಾವಿರ ಹೋಗಿರಬಹುದು. ಅದನ್ನು ಯಾವ ಲೆಕ್ಕಕ್ಕೂ ಹಾಕಲು ಬರುವುದಿಲ್ಲ.

ನಡುವೆ ಮಲ್ಲಿಗೆ ಕೃಷಿಯನ್ನೂ ಮಾಡಿದೆವು. ಪುತ್ತೂರು ಕಡೆಯ ಕೆಲವು ಸರ್ಕಾರಿ ಶಾಲೆಗಳು ಅಡಿಕೆ ತೋಟದಿಂದ ಆದಾಯ ಮಾಡುತ್ತವೆ, ನಮಗೆ ಅಷ್ಟು ಜಾಗವಿಲ್ಲ. ಶಂಕರಪುರದಿಂದ ಗಿಡ ತಂದು ಕುಂಡದಲ್ಲಿ ನೆಟ್ಟೆವು. ಗಿಡ ಚೆನ್ನಾಗಿಯೇ ಬಂತು. ಆದರೆ ಬೇಸಿಗೆ ರಜೆಯಲ್ಲಿ ಮೊಗ್ಗು ಕೊಯ್ಯುವವರಿಲ್ಲ. ಈಗ ಆ ಜಾಗದಲ್ಲಿ ಬಸಳೆ ಚಪ್ಪರವಿದೆ, ಬಿಸಿಯೂಟದ ಸಾಂಬಾರಿಗೆ ಸಾಕಾಗುತ್ತದೆ.

ಕಂಪೌಂಡಿಗೆ ಉದ್ಯೋಗ ಖಾತ್ರಿಯಲ್ಲಿ ಹೋದೆವು. ಗ್ರಾಮಸಭೆಗೆ ಪೋಷಕರನ್ನೇ ಕರೆದೊಯ್ದು ಕ್ರಿಯಾಯೋಜನೆಗೆ ಸೇರಿಸಿದೆವು. ಆ ಕೂಲಿಗೆ ನಮ್ಮ ಕರಾವಳಿಯಲ್ಲಿ ಜನ ಸಿಗುವುದೇ ಕಷ್ಟ. ಕೆಂಪು ಕಲ್ಲಿನ ಬಿಲ್ಲಂತೂ ತಿಂಗಳುಗಟ್ಟಲೆ ನಿಂತಿತು. ಎರಡು ಬದಿ ಎದ್ದಿದೆ, ಮೂರನೆಯದು ಬಾಕಿ.

ಇನ್ನು ಖರ್ಚಿನ ವಿಷಯ. ಅನುದಾನ ಬರುವುದು ತಡ, ಮಾರ್ಚ್ 31ಕ್ಕೆ ಖರ್ಚಾಗದಿದ್ದರೆ ವಾಪಸ್. ನಾನು ನವೆಂಬರ್‌ನಲ್ಲೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಪಟ್ಟಿ ಪಾಸ್ ಮಾಡಿಸಿ, ಕೊಟೇಶನ್ ತರಿಸಿ, ಅಂಗಡಿಯವರ ಹೆಸರನ್ನು ಸರ್ಕಾರಿ ಹಣ ಪಾವತಿಯ ಆನ್‌ಲೈನ್ ವ್ಯವಸ್ಥೆಯಾದ ಪಿಎಫ್‌ಎಂಎಸ್‌ಗೆ ಸೇರಿಸಿಟ್ಟಿರುತ್ತೇನೆ. ಹಣ ಬಂದ ವಾರದಲ್ಲೇ ಪಿಪಿಎ (ಅದರಿಂದ ತೆಗೆದ ಪಾವತಿ ಸೂಚನೆ ಪತ್ರ) ಬ್ಯಾಂಕಿಗೆ ಹೋಗುತ್ತದೆ. ಶೇ. 10 ಸ್ವಚ್ಛತೆಗೇ ಹೋಗಬೇಕಲ್ಲ, ಕಳೆದ ಸಲ ಹೆಣ್ಣುಮಕ್ಕಳ ಶೌಚಾಲಯದ ನಲ್ಲಿ, ಚಿಲಕ ಎಲ್ಲ ಹೊಸತು ಹಾಕಿಸಿದೆ. ಉದ್ಯೋಗ ಖಾತ್ರಿಯ ಕಂಪೌಂಡಿನ ಬಿಲ್ಲು ಬೇಗ ಪಾಸ್ ಮಾಡಿಸಿಕೊಂಡವರು ನಿಮ್ಮಲ್ಲಿ ಯಾರಾದರೂ ಇದ್ದರೆ ನನಗೂ ತಿಳಿಸಿ.