ಹೆರಾನ್ ಸೂತ್ರ ಕಲಿಸೋಕೆ ತೋಟಕ್ಕೆ ಹೋಗಿ

ಒಂಬತ್ತನೇ ಕ್ಲಾಸಿನ ಮಕ್ಕಳಿರುವ ಮನೆಯವರಿಗೆ ಒಂದು ಸಲಹೆ. ತ್ರಿಭುಜದ ಮೂರು ಬದಿಗಳ ಉದ್ದದಿಂದಲೇ ಅದರ ವಿಸ್ತೀರ್ಣ ಕಂಡುಹಿಡಿಯುವ ಹೆರಾನ್ ಸೂತ್ರವನ್ನು ಸುಮ್ನೆ ಬಾಯಿಪಾಠ ಮಾಡಿಸಬೇಡಿ. ಟೇಪು ಕೊಟ್ಟು ಅಡಿಕೆ ತೋಟಕ್ಕೆ ಕರೆದುಕೊಂಡು ಹೋಗಿ. ನಮ್ಮ ತೀರ್ಥಹಳ್ಳಿ ಕಡೆ ನೆಟ್ಟಗೆ ಚೌಕವಾಗಿರೋ ಜಾಗ ಸಿಗೋದೇ ಕಡಿಮೆ, ಅಲ್ವಾ? ಮೂರು ಮೂಲೆಯ ತುಂಡು ಎಲ್ಲಾದರೂ ಇದ್ದೇ ಇರುತ್ತದೆ.

ಅದರ ಬದಿಗಳು 130, 140, 150 ಅಡಿ ಅಂದುಕೊಳ್ಳಿ. ಮೂರನ್ನೂ ಕೂಡಿಸಿ ಅರ್ಧ ಮಾಡಿದರೆ 210. ಅದರಿಂದ ಒಂದೊಂದೇ ಬದಿ ಕಳೆದರೆ 80, 70, 60. ಈ ನಾಲ್ಕನ್ನೂ ಗುಣಿಸಿ ವರ್ಗಮೂಲ ತೆಗೆಯಿರಿ. 8,400 ಚದರ ಅಡಿ ಬರುತ್ತದೆ. ಗುಂಟೆಗೆ 1,089 ಚದರ ಅಡಿ, ಹಾಗಾಗಿ ಇದು ಸುಮಾರು ಏಳೂಮುಕ್ಕಾಲು ಗುಂಟೆ. ತ್ರಿಭುಜದ ಎತ್ತರ ಅಳೆಯುವ ಕೆಲಸವೇ ಇಲ್ಲ. ಮರಗಳ ನಡುವೆ ಲಂಬ ಹಿಡಿಯೋದು ಎಷ್ಟು ಕಷ್ಟ ಅಂತ ಒಮ್ಮೆ ನೋಡಿದ ಮಗುವಿಗೆ ಸೂತ್ರದ ಬೆಲೆ ತಾನಾಗಿಯೇ ತಿಳಿಯುತ್ತದೆ.

ನಾಲ್ಕು ಮೂಲೆ ಇದ್ದರೆ ಒಂದು ಕರ್ಣವನ್ನೂ ಅಳೆಯಿರಿ, ಎರಡು ತ್ರಿಭುಜ ಆಗುತ್ತದೆ. ಇಳಿಜಾರಿನಲ್ಲಿ ಟೇಪನ್ನು ಮಟ್ಟವಾಗಿ ಹಿಡಿಯಿರಿ. ನೆಲದ ಮೇಲೇ ಎಳೆದರೆ ಅಳತೆ ಜಾಸ್ತಿ ಬರುತ್ತದೆ. ಮಳೆಗಾಲದಲ್ಲಿ ಉಂಬಳದ (ಜಿಗಣೆಯ) ಕಾಟ. ದೀಪಾವಳಿ ಕಳೆದ ಮೇಲೆ ಹೋಗಿ.