ಚಿಕ್ಕ ಕೈಗೆ ಚಿಕ್ಕ ಪಿಸ್ತೂಲು ಎಂದುಕೊಂಡಿದ್ದೆ

ಅಕ್ಕನ ಮಗನಿಗೆ ಹತ್ತು ತುಂಬಿದ್ದು 2024ರಲ್ಲಿ, ಪ್ಯಾರಿಸ್ ಒಲಿಂಪಿಕ್ಸ್ ನಡೆದ ವರ್ಷ. ಟರ್ಕಿಯ ಪಿಸ್ತೂಲು ಶೂಟರ್ ಯೂಸುಫ್ ದಿಕೆಚ್ ಒಂದು ಕೈಯನ್ನು ಜೇಬಿಗಿಳಿಸಿಕೊಂಡು, ದಿನಾ ಹಾಕುವಂಥ ಕನ್ನಡಕದಲ್ಲೇ ನಿಂತು ಹೊಡೆದದ್ದನ್ನು ಹುಡುಗ ಎಷ್ಟು ಸಲ ನೋಡಿದನೋ ಲೆಕ್ಕವಿಲ್ಲ. ಮನು ಭಾಕರ್ ಎರಡು ಕಂಚು ಗೆದ್ದದ್ದೂ ಅದೇ ಕೂಟದಲ್ಲಿ. "ಮಾಮ, ನೀನೂ ಜೇಬಲ್ಲಿ ಕೈ ಇಟ್ಕೊಂಡೇ ಹೊಡೀತೀಯಾ?" ಎಂದು ಕೇಳಿದ. ಹೌದು, ಸುಮ್ಮನೆ ಬಿಟ್ಟ ಕೈ ತೂಗಾಡಿ ಮೈಯನ್ನೂ ಅಲ್ಲಾಡಿಸುತ್ತದೆ, ಅದಕ್ಕೇ ಜೇಬಿಗೋ ಬೆಲ್ಟಿಗೋ ಸಿಕ್ಕಿಸಿಕೊಳ್ಳುತ್ತೇವೆ ಎಂದೆ. "ಹಂಗಾದ್ರೆ ನಂಗೂ ಕಲಿಸು."

ಅಕ್ಕ ಎರಡು ಷರತ್ತು ಹಾಕಿದಳು. ಆ ವಸ್ತು ತನ್ನ ಮನೆಯ ಹೊಸ್ತಿಲು ದಾಟಬಾರದು. ಹೇಳಿದ ಮಾತನ್ನು ಒಂದೇ ಸಲಕ್ಕೆ ಕೇಳುವುದು ರೂಢಿಯಾಗುವ ತನಕ ಹುಡುಗನ ಕೈಗೆ ಅದನ್ನು ಕೊಡಬಾರದು. ಮೊದಲನೆಯದು ಸುಲಭ, ಪಿಸ್ತೂಲು ನಮ್ಮ ಶೂಟಿಂಗ್ ಕ್ಲಬ್ಬಿನ ಕಪಾಟಿನಲ್ಲಿ ಬೀಗ ಹಾಕಿಕೊಂಡು ಇರುತ್ತದೆ, ಕೀಲಿ ನನ್ನ ಹತ್ತಿರ. ಎರಡನೆಯದೇ ಸರಿಯಾದ ಅಳತೆಗೋಲು ಎಂದು ಈಗ ಅನಿಸುತ್ತದೆ. ಎಷ್ಟನೇ ವಯಸ್ಸಿಗೆ ಶುರು ಮಾಡಬಹುದು ಎಂದು ಹಲವರು ಕೇಳುತ್ತಾರೆ. ಕಾನೂನು ಹೇಳುವ ವಯಸ್ಸು ದೇಶದಿಂದ ದೇಶಕ್ಕೆ ಬೇರೆ, ಅದನ್ನು ಮೊದಲು ಕೇಳಿಕೊಳ್ಳಲೇಬೇಕು. ಅದರಾಚೆಗೆ ನಾನು ನೋಡುವುದು ಒಂದೇ: "ನಿಲ್ಲು" ಎಂದರೆ ಅರ್ಧ ಹೆಜ್ಜೆಯಲ್ಲೇ ನಿಲ್ಲುವ ಮಗುವಾ, ಇಲ್ಲವಾ.

ಇನ್ನು ಆಯ್ಕೆಯ ಮಾತು. ಇಲ್ಲಿ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಚಿಕ್ಕ ಕೈ, ಆದ್ದರಿಂದ ಚಿಕ್ಕ ಪಿಸ್ತೂಲು. ಕ್ಲಬ್ಬಿನ ಹಿರಿಯರೊಬ್ಬರ ಬಳಿ ಅಂಗೈಯಗಲದ ಒಂದು ಪಾಯಿಂಟ್ ಟೂ ಟೂ, ಅಂದರೆ 0.22 ಇಂಚಿನ ಸಣ್ಣ ಗುಂಡು ಹಾಕುವ ಪಿಸ್ತೂಲು, ಇತ್ತು. ನೋಡಲು ಆಟದ ಸಾಮಾನಿನಂತೆ ಮುದ್ದಾಗಿತ್ತು. ಹುಡುಗನಿಗೆ ಕೊಡುವ ಮೊದಲು ನಾನೇ ಒಮ್ಮೆ ಹೊಡೆದು ನೋಡೋಣ ಎಂದುಕೊಂಡದ್ದು ಪುಣ್ಯ. ಹಿಡಿಯಲ್ಲಿ ಎರಡು ಬೆರಳಿಗಷ್ಟೇ ಜಾಗ, ಕಿರುಬೆರಳು ಗಾಳಿಯಲ್ಲಿ. ತೂಕವಿಲ್ಲದ ಕಾರಣ ಪಾಯಿಂಟ್ ಟೂ ಟೂವಿನ ಸಣ್ಣ ಒದೆತವೂ ಮಣಿಕಟ್ಟಿಗೆ ತಾಗಿತು. ಗುಂಡನ್ನು ನಳಿಗೆಗೇರಿಸಲು ಎಳೆಯುವ ಮೇಲ್ಭಾಗ, ಅಂದರೆ ಸ್ಲೈಡನ್ನು ಹಿಂದಕ್ಕೆಳೆಯಲು ನನ್ನ ಬೆರಳಿಗೇ ಹಿಡಿತ ಸಾಲದು. ಮಕ್ಕಳು ಬಿಗಿಯಾದ ಸ್ಲೈಡ್ ಎಳೆಯುವಾಗ ಏನು ಮಾಡುತ್ತಾರೆ ಗೊತ್ತೇ? ಪಿಸ್ತೂಲನ್ನು ಹೊಟ್ಟೆಯ ಹತ್ತಿರ ತಂದು ಅಡ್ಡ ತಿರುಗಿಸುತ್ತಾರೆ, ಎಳೆಯಲು ಬಲ ಬರಲಿ ಎಂದು. ನಳಿಗೆಯ ಬಾಯಿ ಆಗ ಪಕ್ಕದಲ್ಲಿ ನಿಂತವರ ಕಡೆಗಿರುತ್ತದೆ. ನಳಿಗೆ ಗಿಡ್ಡವಾದಷ್ಟೂ ಅದು ಯಾವ ಕಡೆ ನೋಡುತ್ತಿದೆ ಎಂಬುದು ಹಿಡಿದವರಿಗೇ ತಿಳಿಯುವುದಿಲ್ಲ. ಇನ್ನೊಂದು ಕೈಯ ಬೆರಳು ಅದರ ಮುಂದೆ ಬಂದುಬಿಡುವುದೂ ಅಷ್ಟೇ ಸಲೀಸು.

ಗುರಿಯ ವಿಷಯದಲ್ಲೂ ಗಿಡ್ಡ ಪಿಸ್ತೂಲು ಮಗುವಿಗೆ ಶತ್ರು. ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ 10 ಸೆಂಟಿಮೀಟರ್ ಇದ್ದರೆ, ಮುಂದಿನದು ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೂ 10 ಮೀಟರ್ ದೂರದಲ್ಲಿ ಗುಂಡು 100 ಮಿಲಿಮೀಟರ್ ಆಚೆ ಬೀಳುತ್ತದೆ. ಏರ್ ಪಿಸ್ತೂಲಿನ (ಗಾಳಿಯ ಒತ್ತಡದಿಂದ ಹೊಡೆಯುವ ಪಿಸ್ತೂಲಿನ) ಗುರಿ ಕಾಗದ 170 ಮಿಲಿಮೀಟರಿನ ಚೌಕ. ಅಂದರೆ ಏಟು ಕಾಗದಕ್ಕೇ ತಾಗಲಿಲ್ಲ. ಅದೇ ಸೈಟುಗಳ ನಡುವೆ 30 ಸೆಂಟಿಮೀಟರ್ ಇದ್ದರೆ ಅದೇ ತಪ್ಪಿಗೆ 33 ಮಿಲಿಮೀಟರ್. ನಡುವಿನ ಕಪ್ಪು ವೃತ್ತದ ಅಂಚಿನಾಚೆ, ಆದರೂ ಕಾಗದದ ಮೇಲೆ. ಎಲ್ಲಿ ಬಿತ್ತು ಎಂದು ಕಣ್ಣಿಗೆ ಕಂಡರೆ ಮಗು ತಿದ್ದಿಕೊಳ್ಳುತ್ತದೆ. ಕಾಣದಿದ್ದರೆ ಅದಕ್ಕೆ ಉಳಿಯುವುದು ಸದ್ದು ಮಾತ್ರ, ಮತ್ತು ಸದ್ದನ್ನೇ ಆಟ ಎಂದುಕೊಳ್ಳುತ್ತದೆ.

ಸದ್ದು ಎಂದಾಗ ಹೇಳಬೇಕು: ಪಾಯಿಂಟ್ ಟೂ ಟೂ ಚಿಕ್ಕದು ಎಂದು ಕಿವಿಗೆ ಏನೂ ಹಾಕದೆ ಹೊಡೆಸುವವರನ್ನು ಕಂಡಿದ್ದೇನೆ. ಪಿಸ್ತೂಲಿನಿಂದ ಹೊಡೆದರೆ ಅದರ ಶಬ್ದ 140 ಡೆಸಿಬೆಲ್ ಮೀರುತ್ತದೆ, ಗಿಡ್ಡ ನಳಿಗೆಯಾದರೆ ಇನ್ನೂ ಜೋರು. ಒಂದೇ ಏಟು ಕಿವಿಗೆ ಕಾಯಂ ಪೆಟ್ಟು ಕೊಡಬಲ್ಲದು.

ಆ ಪುಟ್ಟ ಪಿಸ್ತೂಲನ್ನು ಹಾಗೇ ಹಿಂದಿರುಗಿಸಿದೆ. ಆದರೆ ಬುದ್ಧಿ ಪೂರ್ತಿ ಬಂದಿರಲಿಲ್ಲ. ಮುಂದಿನ ವಾರ ಅಳತೆಯಲ್ಲಿ ದೊಡ್ಡದಾದ, ಉದ್ದ ನಳಿಗೆಯ ಪಾಯಿಂಟ್ ಟೂ ಟೂ ತಂದು, ಹುಡುಗನ ಕಿವಿಗೂ ಕಣ್ಣಿಗೂ ಕಟ್ಟಬೇಕಾದದ್ದೆಲ್ಲ ಕಟ್ಟಿ, ನಾನೇ ಎರಡು ಗುಂಡು ತುಂಬಿ ಕೈಗೆ ಕೊಟ್ಟೆ. ಮೊದಲ ಗುಂಡು ಕಪ್ಪು ವೃತ್ತಕ್ಕೇ ಬಿತ್ತು. "ಮಾಮಾ, ನೋಡು!" ಎಂದು ನನ್ನ ಕಡೆ ತಿರುಗಿದ. ಕೈಯ ಜೊತೆ ಪಿಸ್ತೂಲೂ ತಿರುಗುತ್ತಿತ್ತು. ಎರಡನೇ ಗುಂಡು ಅಷ್ಟರಲ್ಲಿ ತಾನಾಗಿಯೇ ನಳಿಗೆಗೆ ಏರಿ ಕೂತಿತ್ತು, ಬೆರಳು ಟ್ರಿಗರ್ ಮೇಲೇ ಇತ್ತು. ನಾನು ಅವನ ಹಿಂದೆ, ಬಲಕ್ಕೆ, ತೋಳು ಹಿಡಿಯುವಷ್ಟು ಹತ್ತಿರ ನಿಂತಿದ್ದೆ. ಮಣಿಕಟ್ಟು ಹಿಡಿದು ಗುರಿಯ ಕಡೆಗೇ ತಳ್ಳಿದೆ. ಏನೂ ಆಗಲಿಲ್ಲ. ಆ ರಾತ್ರಿ ನಿದ್ದೆಯೂ ಬರಲಿಲ್ಲ.

ಅವನದು ತಪ್ಪಲ್ಲ. ಖುಷಿಯಾದ ಮಗು ತಿರುಗಿ ನೋಡುತ್ತದೆ, ಅದು ಮಗುವಿನ ಗುಣ. ಒಂದು ಏಟಾದ ಮೇಲೆ ಇನ್ನೊಂದಕ್ಕೆ ತಾನೇ ಸಜ್ಜಾಗುವ ಬಂದೂಕನ್ನು ಅವನಿಗೆ ಕೊಟ್ಟದ್ದು ನನ್ನ ತಪ್ಪು. 2014ರಲ್ಲಿ ಅಮೆರಿಕದ ಅರಿಜೋನಾದ ಶೂಟಿಂಗ್ ರೇಂಜೊಂದರಲ್ಲಿ ಒಂಬತ್ತು ವರ್ಷದ ಹುಡುಗಿಗೆ ಊಜಿ ಸಬ್‌ಮಷಿನ್ ಗನ್ ಹೊಡೆಯಲು ಕಲಿಸುತ್ತಿದ್ದ ತರಬೇತುದಾರ, ಅದು ಅವಳ ಕೈ ಮೀರಿ ಮೇಲಕ್ಕೆದ್ದಾಗ ಗುಂಡು ತಾಗಿ ಸತ್ತುಹೋದ. ಊಜಿ ಎಲ್ಲಿ, ಪಾಯಿಂಟ್ ಟೂ ಟೂ ಎಲ್ಲಿ ಎನ್ನಬಹುದು. ಒದೆತದಲ್ಲಿ ಅಜಗಜಾಂತರ ನಿಜ. ಆದರೆ ಮಗು ಒಂದು ಕ್ಷಣ ಮೈಮರೆತರೆ ಮುಂದಿನ ಗುಂಡು ಕಾಯುವುದಿಲ್ಲ ಎಂಬುದು ಎರಡಕ್ಕೂ ಒಂದೇ.

ಅಲ್ಲಿಂದ ನನ್ನ ಹುಡುಕಾಟ ಬದಲಾಯಿತು. ಪಿಸ್ತೂಲು ಚಿಕ್ಕದಿರಬೇಕಾಗಿಲ್ಲ, ಅದರ ಹಿಡಿ ಚಿಕ್ಕದಿರಬೇಕು. ಒಂದು ಏಟಾದ ಮೇಲೆ ಅದು ಸತ್ತಂತೆ ಬಿದ್ದಿರಬೇಕು, ಯಾರಾದರೂ ಮತ್ತೆ ತುಂಬುವ ತನಕ. ಹಾಗೆ ಯೋಚಿಸಿದರೆ ದಾರಿ 4.5 ಮಿಲಿಮೀಟರಿನ ಒಂಟಿ ಪೆಲೆಟ್ (ಸೀಸದ ಪುಟ್ಟ ಗುಂಡು) ಹಾಕುವ ಏರ್ ಪಿಸ್ತೂಲಿಗೇ ಬರುತ್ತದೆ. (ರಿವಾಲ್ವರ್ ಕೂಡ ನೋಡಿದೆ. ಹಿಂದಿರುವ ಹ್ಯಾಮರನ್ನು ಮೊದಲೇ ಹಿಂದಕ್ಕೆಳೆದಿಡದೆ ಹೊಡೆಯಬೇಕೆಂದರೆ ಟ್ರಿಗರಿಗೆ ಐದು ಕೆಜಿಯಷ್ಟು ಬಲ ಬೇಕು. ಹುಡುಗ ಎರಡು ತೋರುಬೆರಳನ್ನೂ ತೂರಿಸಿ ಎಳೆಯಲು ನೋಡಿದ. ಅಲ್ಲಿಗೇ ಮುಗಿಯಿತು.)

ಏರ್ ಪಿಸ್ತೂಲುಗಳಲ್ಲೂ ಎಲ್ಲವೂ ಮಕ್ಕಳಿಗಲ್ಲ. ನಳಿಗೆಯನ್ನೇ ಮಡಚಿ ಸ್ಪ್ರಿಂಗ್ ಏರಿಸುವ ಅಗ್ಗದ ಜಾತಿ ಇದೆಯಲ್ಲ, ಅದನ್ನು ದೂರವೇ ಇಟ್ಟೆ. ಮಡಚಲು ದೊಡ್ಡವರ ತೋಳಬಲ ಬೇಕು, ಬಿಟ್ಟಾಗ ಒಳಗಿನ ಪಿಸ್ಟನ್ ಮುಂದಕ್ಕೆ ಬಡಿದು ಹಿಂದೊಮ್ಮೆ ಮುಂದೊಮ್ಮೆ ಒದೆಯುತ್ತದೆ. ಒಂದೇ ಸಲ ಸನ್ನೆ (ಲಿವರ್) ಎಳೆದು ಗಾಳಿ ತುಂಬುವ ರಷ್ಯದ ಇಝ್-46 ನನಗೆ ಬಹಳ ಇಷ್ಟದ ಪಿಸ್ತೂಲು. ಗಾಳಿ ತುಂಬಿಟ್ಟ ಸಿಲಿಂಡರಿನ ಗೊಡವೆ ಇಲ್ಲ, ಒದೆತ ಇಲ್ಲ, ಸನ್ನೆಯನ್ನು ನಾನೇ ಎಳೆದುಕೊಟ್ಟರೆ ಏಟುಗಳ ಲೆಕ್ಕವೂ ನನ್ನ ಕೈಯಲ್ಲಿ. ಆದರೆ ತೂಕ 1.3 ಕೆಜಿ, ಅದೂ ಮುಂಭಾರ. ಇಪ್ಪತ್ತೆಂಟು ಕೆಜಿಯ ಹುಡುಗ ಅದನ್ನು ತೋಳು ಚಾಚಿ ಹಿಡಿದರೆ ಸೊಂಟ ಹಿಂದಕ್ಕೆ ಬಾಗಿ ಬಿಲ್ಲಾಗುತ್ತಾನೆ. ಆ ನಿಲುವು ಒಮ್ಮೆ ಅಂಟಿಕೊಂಡರೆ ಬಿಡಿಸುವುದು ಕಷ್ಟ.

ಉಳಿದದ್ದು ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ತುಂಬಿಸಿಕೊಳ್ಳುವ ಪಂದ್ಯದ ಪಿಸ್ತೂಲು. ಸ್ಟೆಯರ್, ಮೊರಿನಿ, ವಾಲ್ಟರ್, ಫೈನ್‌ವೆರ್ಕ್‌ಬೌ ಮುಂತಾದವರು ದೊಡ್ಡವರ ಮಾದರಿಯ ಜೊತೆಗೆ ಗಿಡ್ಡ ನಳಿಗೆ, ಗಿಡ್ಡ ಸಿಲಿಂಡರಿನ ಹಗುರ ಮಾದರಿಗಳನ್ನೂ ಮಾಡಿದ್ದಾರೆ. ಗಿಡ್ಡ ಎಂದರೂ ಜೇಬಿನ ಪಿಸ್ತೂಲಿನ ಗಿಡ್ಡ ಅಲ್ಲ, ಸೈಟುಗಳ ನಡುವಿನ ದೂರ ಹೆಚ್ಚೇನೂ ಕಳೆದುಹೋಗುವುದಿಲ್ಲ. ಕ್ಲಬ್ಬಿನ ಸದಸ್ಯರೊಬ್ಬರ ಮಗಳು ದೊಡ್ಡದಕ್ಕೆ ಹೋದಾಗ ಅವಳದನ್ನು ನಾನು ತೆಗೆದುಕೊಂಡೆ. ಹಳೆಯದು ಕೊಳ್ಳುವವರು ಪಿಸ್ತೂಲಿಗಿಂತ ಮೊದಲು ಸಿಲಿಂಡರಿನ ಮೇಲೆ ಕೊರೆದ ದಿನಾಂಕ ನೋಡಿ. ಹಲವು ತಯಾರಕರು ಅದಕ್ಕೆ 10 ವರ್ಷದ ಆಯುಷ್ಯ ಹೇಳಿರುತ್ತಾರೆ, ಅವಧಿ ಮೀರಿದ್ದನ್ನು ಪಂದ್ಯದಲ್ಲಿ ಒಪ್ಪುವುದಿಲ್ಲ. ನನಗೆ ಸಿಕ್ಕಿದ್ದಕ್ಕೆ ಒಂದೇ ವರ್ಷ ಉಳಿದಿತ್ತು, ಹೊಸ ಸಿಲಿಂಡರಿನ ಖರ್ಚನ್ನು ಬೆಲೆಯಲ್ಲಿ ಕಳೆದುಕೊಂಡೆ.

ಹಿಡಿಯ ಅಳತೆಗೆ ನಾನು ಅತಿ ಹೆಚ್ಚು ಹೊತ್ತು ಕೊಟ್ಟೆ, ಕೊಡಬೇಕಾದದ್ದೂ ಅದಕ್ಕೇ. ನೋಡುವ ಕ್ರಮ ಹೀಗೆ: ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಕವಲು ಹಿಡಿಯ ಹಿಂಭಾಗಕ್ಕೆ ಪೂರ್ತಿ ಒತ್ತಿ ಕೂರಬೇಕು, ಮುಂಗೈ ಮತ್ತು ನಳಿಗೆ ಒಂದೇ ಗೆರೆಯಲ್ಲಿರಬೇಕು. ಹಾಗೆ ಹಿಡಿದಾಗ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆ ಟ್ರಿಗರ್ ಮೇಲೆ ಬೀಳಬೇಕು, ಬೆರಳಿನ ಉಳಿದ ಭಾಗ ಮರಕ್ಕೆ ತಾಗಬಾರದು. ಬೆರಳು ಮುಟ್ಟದಿದ್ದರೆ ಮಗು ಹೇಳುವುದಿಲ್ಲ. ಸದ್ದಿಲ್ಲದೆ ಹಿಡಿಯನ್ನೇ ಅಂಗೈಯಲ್ಲಿ ತಿರುಗಿಸಿಕೊಂಡು ಹೇಗೋ ಮುಟ್ಟಿಸಿಕೊಳ್ಳುತ್ತದೆ. ಆಮೇಲೆ ಏಟೆಲ್ಲ ಒಂದೇ ಪಕ್ಕಕ್ಕೆ ಬಿದ್ದಾಗ ನಾವು ಸೈಟ್ ತಿರುಪುತ್ತಾ ಕೂರುತ್ತೇವೆ. ನಮ್ಮ ಹುಡುಗನ ಬೆರಳು ಒಂದು ಸೆಂಟಿಮೀಟರ್ ಈಚೆಗೇ ನಿಂತಿತು. ಟ್ರಿಗರನ್ನು ಹಿಂದಕ್ಕೆ ಸರಿಸುವ ಸ್ಕ್ರೂ ಇರುತ್ತದೆ, ಅದರಲ್ಲಿ ಅರ್ಧ ಸಿಕ್ಕಿತು. ಉಳಿದರ್ಧಕ್ಕೆ ಅತಿ ಚಿಕ್ಕ ಅಳತೆಯ ಮರದ ಹಿಡಿ ತರಿಸಿ, ಅಂಗೈ ಉಬ್ಬನ್ನು ಅರದಿಂದ ಉಜ್ಜಿ ತೆಳುವು ಮಾಡಿದೆ. ಎರಡು ಸಂಜೆಯ ಕೆಲಸ. ಉಜ್ಜಿದ್ದು ಹೆಚ್ಚಾದ ಕಡೆ ಮರದ ಪುಡಿ ಕಲಸಿದ ಅಂಟು ಮೆತ್ತಿ ಮುಚ್ಚಿದೆ. ನೋಡಲು ಕುರೂಪ, ಹಿಡಿಯಲು ಸೊಗಸು.

ಟ್ರಿಗರಿನ ಭಾರದ ಬಗ್ಗೆ ಒಂದು ಮಾತು. ಪಂದ್ಯದ ನಿಯಮದಂತೆ 10 ಮೀಟರ್ ಏರ್ ಪಿಸ್ತೂಲಿನ ಟ್ರಿಗರ್ 500 ಗ್ರಾಮಿಗಿಂತ ಹಗುರವಿರಬಾರದು. ಮಕ್ಕಳಿಗೆ ಹಗುರವೇ ಒಳ್ಳೆಯದೆಂದು ಆ ಗೆರೆಗೇ ತಂದು ಕೊಡುವವರಿದ್ದಾರೆ. ನಾನು ಮೊದಲ ಕೆಲವು ತಿಂಗಳು ಇನ್ನೂ ನೂರಿನ್ನೂರು ಗ್ರಾಂ ಹೆಚ್ಚೇ ಇಟ್ಟೆ. ಬೆರಳಿಗೆ ಟ್ರಿಗರ್ ಸಿಕ್ಕಿದ್ದು ತಿಳಿಯಬೇಕು, ಆಮೇಲೆ ಒತ್ತಬೇಕು. ಮುಟ್ಟಿದ ಕೂಡಲೇ ಹಾರಿಬಿಡುವ ಟ್ರಿಗರ್ ಹೊಸಬರಿಗೆ ಬೇಡ.

ಪಿಸ್ತೂಲು ಸಿದ್ಧವಾದರೂ ಪೆಲೆಟ್ ಕೊಡಲು ಇನ್ನೂ ಆರು ವಾರ ಹಿಡಿಯಿತು. ಕ್ಲಬ್ಬಿನಲ್ಲಿ ಮಾಡರ್ನ್ ಪೆಂಟಾಥ್ಲಾನ್ (ಈಜು, ಓಟ, ಶೂಟಿಂಗ್ ಎಲ್ಲ ಸೇರಿದ ಐದು ಆಟಗಳ ಸ್ಪರ್ಧೆ) ಆಡುವವರ ಲೇಸರ್ ಪಿಸ್ತೂಲೊಂದಿತ್ತು. 2012ರ ಲಂಡನ್ ಒಲಿಂಪಿಕ್ಸಿನಿಂದ ಆ ಆಟದಲ್ಲಿ ಪೆಲೆಟ್ ಬದಲು ಲೇಸರೇ. ಹಿಡಿ, ಸೈಟು, ಟ್ರಿಗರ್ ಎಲ್ಲ ಇದ್ದು, ಹೊರಗೆ ಬರುವುದು ಬೆಳಕು ಮಾತ್ರ. ಅದರಲ್ಲೇ ಅವನು ತಿರುಗಿ ನೋಡುವ ಚಾಳಿ ಬಿಟ್ಟದ್ದು. ಏಟಾದ ಮೇಲೆ ಪಿಸ್ತೂಲನ್ನು ಮೇಜಿನ ಮೇಲಿಟ್ಟು, ಕೈ ಬಿಟ್ಟು, ಆಮೇಲೆ ತಿರುಗಿ "ಮಾಮ" ಎನ್ನಬೇಕು. ಈ ಕ್ರಮ ತಪ್ಪಿದರೆ ಆ ದಿನದ ಪಾಠ ಅಲ್ಲಿಗೇ ಮುಗಿಯಿತು. ಎರಡು ಸಲ ಹಾಗೆ ಮುಗಿಸಿದೆ, ಒಮ್ಮೆ ಶುರುವಾದ ಮೂರನೇ ನಿಮಿಷಕ್ಕೇ. ಮನೆಯ ತನಕ ಮುಖ ಊದಿಸಿಕೊಂಡೇ ಬಂದ. ಮೂರನೇ ಸಲ ಬೇಕಾಗಲಿಲ್ಲ.

ಪೆಲೆಟ್ ಶುರುವಾದದ್ದು 5 ಮೀಟರಿನಿಂದ, ಎರಡೂ ಕೈಯಲ್ಲಿ ಹಿಡಿದು, ಗುರಿ ಕಾಗದವನ್ನು ತಿರುಗಿಸಿ ಅಂಟಿಸಿ. ಬಿಳಿ ಹಾಳೆ, ವೃತ್ತವಿಲ್ಲ, ಅಂಕವಿಲ್ಲ. ಕಣ್ಣು ಮುಂದಿನ ಸೈಟಿನ ಮೇಲೇ ನಿಲ್ಲುವುದು ಅದರಿಂದ ಕಲಿತ. ವೃತ್ತ ಕಂಡರೆ ಕಣ್ಣು ಅಲ್ಲಿಗೇ ಓಡುತ್ತದೆ. ಚಪ್ಪಟೆ ಮೂತಿಯ ಪೆಲೆಟ್ ಕಾಗದವನ್ನು ದುಂಡಗೆ ಕತ್ತರಿಸುವುದರಿಂದ ತೂತುಗಳು ಎಷ್ಟು ಹತ್ತಿರ ಹತ್ತಿರ ಬಿದ್ದಿವೆ ಎಂದು ಅವನೇ ನೋಡಿಕೊಳ್ಳುತ್ತಿದ್ದ. ಒಂದು ಸಲಕ್ಕೆ ಇಪ್ಪತ್ತೇ ಪೆಲೆಟ್, ನಾನೇ ಒಂದೊಂದಾಗಿ ಕೊಡುತ್ತಿದ್ದೆ. ಇಬ್ಬರಿಗೂ ಕಣ್ಣಿನ ರಕ್ಷಣೆ ಇಲ್ಲದೆ ಒಂದೂ ಏಟಿಲ್ಲ. ಗಾಳಿ ಪಿಸ್ತೂಲು ಎಂದು ಸದರ ಬೇಡ, ಕಣ್ಣು ಹೋಗಲು ಆ ಪೆಲೆಟ್ ಧಾರಾಳ ಸಾಕು. ಪೆಲೆಟ್ ಸೀಸದ್ದು, ಹಾಗಾಗಿ ರೇಂಜಿನಲ್ಲಿ ತಿಂಡಿ ಇಲ್ಲ, ಹೊರಟಾಗ ಸೋಪು ಹಾಕಿ ಕೈ ತೊಳೆಯಬೇಕು. ಮುಗಿದ ಮೇಲೆ ನಳಿಗೆಯ ಉದ್ದಕ್ಕೂ ಕಿತ್ತಳೆ ಬಣ್ಣದ ದಾರ ತೂರಿಸುವುದು ಅವನ ಕೆಲಸ. ದಾರ ಎರಡೂ ಕಡೆ ಕಂಡರೆ ಒಳಗೇನೂ ಇಲ್ಲ ಎಂದು ದೂರದಿಂದಲೇ ಗೊತ್ತಾಗುತ್ತದೆ.

ಒಂದೇ ಕೈಯಲ್ಲಿ 10 ಮೀಟರಿಗೆ ಬಂದದ್ದು ಸುಮಾರು ಒಂದು ವರ್ಷದ ಮೇಲೆ. ಅಷ್ಟರಲ್ಲಿ ಕೈ ಬೆಳೆದು, ನಾನು ಅಷ್ಟು ಕಷ್ಟಪಟ್ಟು ಉಜ್ಜಿದ ಹಿಡಿ ಬಿಗಿಯಾಗತೊಡಗಿತ್ತು. ಟ್ರಿಗರನ್ನು ಮತ್ತೆ ಮುಂದಕ್ಕೆ ಸರಿಸಿದೆ, ಮೆತ್ತಿದ್ದ ಅಂಟನ್ನು ಕೆರೆದು ತೆಗೆದೆ.

ಮೊನ್ನೆ ಅಕ್ಕ ಮೊದಲ ಸಲ ರೇಂಜಿಗೆ ಬಂದಳು. ಗಾಜಿನ ಹಿಂದೆ ನಿಂತು, ಮಗ ಒಂದು ಕೈ ಜೇಬಿಗಿಳಿಸಿಕೊಂಡು ಪಿಸ್ತೂಲು ಎತ್ತುವುದನ್ನು ನೋಡಿದಳು. ನನ್ನ ಕಡೆ ತಿರುಗಿ ಗದರಿದಳು: "ಚಿಕ್ಕ ಪಿಸ್ತೂಲು ಅಂದಿದ್ದೆಯಲ್ಲೋ ಅವತ್ತು. ಇದು ಅವನ ಮುಂಗೈಗಿಂತ ಉದ್ದ ಇದೆ!"

ಒಳಗೆ ಹುಡುಗ ಹೊಡೆದ. ಪಿಸ್ತೂಲನ್ನು ಮೇಜಿನ ಮೇಲಿಟ್ಟ, ಕೈ ಬಿಟ್ಟ. ಆಮೇಲೆ ತಿರುಗಿದ.