ಭತ್ತದ ಹುಲ್ಲಿನ ಸೆಲ್ಯುಲೋಸ್‌ನಲ್ಲಿ ಬೂದಿ ಉಳಿದರೆ

ಗಂಗಾವತಿ ಕಡೆಯ ಭತ್ತದ ಹುಲ್ಲಿನಿಂದ ತೆಗೆದ ಸೆಲ್ಯುಲೋಸ್ (ಗಿಡದ ನಾರಿನ ಮುಖ್ಯ ಅಂಶ) ಬೆಳ್ಳಗಿದ್ದರೂ ಬೆರಳಿಗೆ ಮರಳುಮರಳಾಗಿ ತಾಗುತ್ತಿತ್ತು. ಸುಟ್ಟರೆ ಬೂದಿ ಬಹಳ. ಕಾರಣ ಹುಲ್ಲಿನಲ್ಲಿರುವ ಸಿಲಿಕಾ, ಅಂದರೆ ಮರಳಿನ ಮೂಲವಸ್ತು. ಕಾಸ್ಟಿಕ್ ಸೋಡಾದಲ್ಲಿ ಅದು ಕರಗುತ್ತದೆ, ನಿಜ. ಆದರೆ ಹುಲ್ಲು ಬೇಯಿಸಿದ ಕಪ್ಪು ದ್ರವ ಪೂರ್ತಿ ಹೋಗುವ ಮೊದಲೇ ಆಮ್ಲ ಹಾಕಿ ತಟಸ್ಥ ಮಾಡಿದರೆ, ಸಿಲಿಕಾ ಲೋಳೆಯಾಗಿ ಮತ್ತೆ ನಾರಿಗೇ ಅಂಟಿಕೊಳ್ಳುತ್ತದೆ.

ಸರಿಹೋದದ್ದು ಹೀಗೆ: ಕತ್ತರಿಸಿ ತೊಳೆದ 100 ಗ್ರಾಂ ಒಣಹುಲ್ಲಿಗೆ 5% ಕಾಸ್ಟಿಕ್ ದ್ರಾವಣ 1.5 ಲೀಟರ್, 90 ಡಿಗ್ರಿಯಲ್ಲಿ 2 ಗಂಟೆ. ಸ್ಟೀಲ್ ಪಾತ್ರೆಯೇ ಆಗಬೇಕು, ಅಲ್ಯೂಮಿನಿಯಂ ಕರಗುತ್ತದೆ. ಕೈಗವಸು, ಕನ್ನಡಕ ಕಡ್ಡಾಯ. ಬಿಸಿಯಿರುವಾಗಲೇ ಸೋಸಿ, ಮೊದಲು 1% ಬಿಸಿ ಕಾಸ್ಟಿಕ್‌ನಿಂದ, ಆಮೇಲೆ ಬರೀ ಬಿಸಿನೀರಿನಿಂದ, ಸೋರುವ ನೀರು ತಿಳಿಯಾಗುವವರೆಗೆ ತೊಳೆಯಿರಿ. ಆಮ್ಲ ಬೇಡವೇ ಬೇಡ.

ಬಿಳುಪಿಗೆ 3% ಹೈಡ್ರೋಜನ್ ಪೆರಾಕ್ಸೈಡ್, ಪಿಎಚ್ (ಆಮ್ಲ-ಕ್ಷಾರದ ಅಳತೆ) 11, 70 ಡಿಗ್ರಿ, 1 ಗಂಟೆ. ಇಲ್ಲಿ ಬೋರ್‌ವೆಲ್ ನೀರು ಬಳಸಬೇಡಿ. ಅದರಲ್ಲಿ ಕಬ್ಬಿಣವಿದ್ದರೆ ಪೆರಾಕ್ಸೈಡ್ ನೊರೆನೊರೆಯಾಗಿ ವ್ಯರ್ಥ ಒಡೆದುಹೋಗುತ್ತದೆ.